ನನ್ನ ಚಂದ್ರ ಕಟ್ಟಿದ ಗುಡಿ

ನಿನ್ನೆ ರಾತ್ರಿ ನಾನು ಬಾಯಿಬಿಟ್ಟು 'ವಾಹ್' ಎಂದದ್ದಕ್ಕೆ ಓಣಿಯ ಮೆಕ್ಕೆಜೋಳವೆಲ್ಲ ತಾಡಪಾಲಿನಡಿ ಸೇರಿತು!

ಹರಪನಹಳ್ಳಿಯ ನಮ್ಮ ಓಣಿಯಲ್ಲಿ ಈಗ ರಸ್ತೆ ತುಂಬ ಒಣಹಾಕಿದ ಜೋಳ. (ಸ್ಕೂಟರಿನವರು ಪ್ಲೀಸ್ ಅಡ್ಜಸ್ಟ್ ಮಾಡಿಕೊಳ್ಳಿ.) ಮೋಡವಿಲ್ಲವೆಂದು ರಾತ್ರಿಯೂ ಹರವಿಯೇ ಬಿಡುತ್ತಾರೆ. ಗೇಟಿನ ಬಳಿ ನಿಂತಿದ್ದೆ. ಚಂದ್ರ ಬಂದ. ಸುತ್ತ ಒಂದು ಉಂಗುರ, ಒಳಗೆ ನೀಲಿ, ಹೊರಗೆ ಕೆಂಪು. ಸೋ ಲವ್ಲಿ! 'ವಾಹ್, ಚಂದ್ರನ ಉಂಗುರ ನೋಡು ಬಾ' ಎಂದು ಪಕ್ಕದ ಮನೆಯ ಬಸಮ್ಮನನ್ನು ಕೂಗಿದೆ.

ಬಸಮ್ಮ ಆಕಾಶ ನೋಡಲೇ ಇಲ್ಲ. "ಚಂದಪ್ಪ ಗುಡಿ ಕಟ್ಯಾನಂತ, ಏಳ್ರಿ! ಮಳಿ ಬರತೈತಿ!" ಎಂದು ಗಂಡ ಕೊಟ್ರೇಶನನ್ನು ಎಬ್ಬಿಸಿದಳು. ಇಲ್ಲಿ ಚಂದ್ರನ ಉಂಗುರವೆಂದರೆ ಗುಡಿ, ಗುಡಿಯೆಂದರೆ ಮಳೆ. ಓಣಿಗೆ ಓಣಿಯೇ ಓಡಾಡಿತು.

ಕಾನ್ವೆಂಟ್‌ನಲ್ಲಿ ನಮ್ಮ ಸಿಸ್ಟರ್ "ಫಸ್ಟ್ ಅಡ್ಮೈರ್, ಗರ್ಲ್ಸ್. ದೆನ್ ಆಸ್ಕ್ ವೈ" ಎನ್ನುತ್ತಿದ್ದರು. ನಾನು ಮೊದಲನೆಯದರಲ್ಲೇ ಉಳಿದವಳು. ಗೊತ್ತಿದ್ದವರು ಓಡುತ್ತಾರೆ, ನನ್ನಂಥವರು ನಿಂತು ನೋಡುತ್ತಾರೆ. ಚಂದಕ್ಕೆ ತಿಳಿವಳಿಕೆ ಯಾಕೆ ಬೇಕು?

ಕೊಟ್ರೇಶ ಬೆವರು ಒರೆಸುತ್ತ ತಲೆ ಎತ್ತಿದ. "ಎಲ್ಲೈತ್ರಿ ಅಮ್ಮಾರ ಗುಡಿ? ಚಂದಪ್ಪ ತಿಕ್ಕಿ ತೊಳದ ತಟ್ಟಿ ಇದ್ದಂಗ ಅದಾನ."

"ಅಲ್ಲೇ ಇದೆಯಲ್ಲಪ್ಪ, ಇಷ್ಟಗಲ!"

ಬಸಮ್ಮ ನೋಡಿದಳು. ಓಣಿಯವರೂ ನೋಡಿದರು. ಯಾರಿಗೂ ಕಾಣಲಿಲ್ಲ.

"ಸುಮ್ಮಸುಮ್ಮನ ಓಡ್ಯಾಡಿಸಿದ್ರಿ. ಆ ಲೈಟಿನ ಕಂಬಕ್ಕೂ ಗುಡಿ ಕಟ್ಟೈತೇನ್ರಿ ಮತ್ತ?" ಎಂದು ಕೊಟ್ರೇಶ ನಕ್ಕ. ನಾನೂ ನಗುತ್ತಲೇ ಕಂಬದತ್ತ ತಿರುಗಿದೆ.

ಕಟ್ಟಿತ್ತು. ಅದೇ ನೀಲಿ, ಅದೇ ಕೆಂಪು.

ನನ್ನ ಮುಖ ನೋಡಿ ಬಸಮ್ಮ ಕೈ ಹಿಡಿದುಕೊಂಡಳು. "ಕಣ್ಣು ತೋರಸ್ರಿ ಅವ್ವಾ. ತಡಾ ಮಾಡಬ್ಯಾಡ್ರಿ."

ಇವತ್ತು ದಾವಣಗೆರೆಯ ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿದೆ. ಪೊರೆ ಇರಬಹುದು, ಕಣ್ಣಿನೊಳಗಿನ ಪ್ರೆಷರ್ ಇರಬಹುದು, ನೋಡದೆ ಹೇಳಲಾಗದು ಎಂದರು. ಪ್ರೆಷರ್ ಆದರೆ ಹೋದ ದೃಷ್ಟಿ ವಾಪಸ್ ಬರುವುದಿಲ್ಲವಂತೆ. ನಾಳೆ ಫಸ್ಟ್ ಬಸ್. ಬಸಮ್ಮ ಜೊತೆಗೆ ಬರುತ್ತಾಳೆ, ಜೋಳ ಬಿಟ್ಟು.

ಇದನ್ನು ಬರೆಯುವಾಗ ಕಿಟಕಿಯಲ್ಲಿ ಮತ್ತೆ ಅವನೇ, ಉಂಗುರ ಸಮೇತ. ಕಾರಣ ಏನಿರಬಹುದೆಂದು ಗೊತ್ತಾದ ಮೇಲೂ ಚಂದ ಚೂರೂ ಕಡಿಮೆಯಾಗಿಲ್ಲ. ನೋಡುವ ಧೈರ್ಯ ಮಾತ್ರ ಕಡಿಮೆಯಾಗಿದೆ. ಬಲಗಣ್ಣು ಮುಚ್ಚಿ ನೋಡಿದೆ, ಉಂಗುರ ಇದೆ. ಎಡಗಣ್ಣು ಮುಚ್ಚಲು ಕೈ ಏಳುತ್ತಿಲ್ಲ.

ಏನೂ ತಿಳಿದುಕೊಳ್ಳದೆ ಸುಮ್ಮನೆ ಚಂದ ನೋಡಲು ನನಗೆ ಇದೊಂದು ರಾತ್ರಿಯನ್ನಾದರೂ ಬಿಡಬಾರದೇ?