ಅಲ್ ಹಿಲಾಲ್‌ನ ಸೈಕಲ್ ಕಾಕ

ಕಳೆದ ಶುಕ್ರವಾರ ಬೆಳಿಗ್ಗೆ ದೋಹಾದ ಅಲ್ ಸದ್ದ್‌ನ ನಮ್ಮ ಫ್ಲ್ಯಾಟಿನ ಪಾರ್ಕಿಂಗ್‌ನಲ್ಲಿ ಯಾರೋ ತಮ್ಮ ಮಗಳ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿಕೊಂಡು ಪಂಕ್ಚರ್ ಹಾಕುತ್ತಿದ್ದರು. ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ನಿನ ಘಾಟು ಲಿಫ್ಟಿನ ಬಾಗಿಲವರೆಗೂ ಬಂದಿತ್ತು. ಅದು ಮೂಗಿಗೆ ತಾಗಿದ್ದೇ ತಡ, ನೆನಪಿಗಿಂತ ಮೊದಲು ನನಗೆ ಸಿಟ್ಟು ಬಂತು. ಕೈಯಲ್ಲಿದ್ದ ತರಕಾರಿ ಚೀಲವನ್ನು ಲಿಫ್ಟಿನೊಳಗೆ ಎಸೆದಂತೆ ಇಟ್ಟೆ. ಆ ಪಾಪದ ಮನುಷ್ಯ ನನ್ನ ಮುಖ ನೋಡಿ, ಜಾಗ ಬಿಡಬೇಕೇನೋ ಎಂದುಕೊಂಡು ಸೈಕಲ್ಲನ್ನು ಗೋಡೆಯ ಕಡೆಗೆ ಎಳೆದುಕೊಂಡರು.

ಅಲ್ ಹಿಲಾಲ್‌ನಲ್ಲಿ ಒಂದು ಲಾಂಡ್ರಿಗೂ ಒಂದು ಟೈಲರ್ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಸೈಕಲ್ ಅಂಗಡಿಗೆ ಇದೇ ವಾಸನೆ ಇತ್ತು. ಅಲ್ಲಿದ್ದ ಮೆಕ್ಯಾನಿಕ್ ಮೂಡಿಗೆರೆ ಕಡೆಯ ಬ್ಯಾರಿಗಳು. ನಮ್ಮ ಕಡೆಯ ಕನ್ನಡದವರಿಗೆಲ್ಲ ಅವರು ಸೈಕಲ್ ಕಾಕ. ಅಂಗಡಿ ಅವರದ್ದಲ್ಲ, ಬೇರೆ ಮಾಲೀಕರದು. ಆದರೆ ಜನ ಬರುತ್ತಿದ್ದದ್ದು ಅವರ ಕೈ ನಂಬಿ. ಚಕ್ರವನ್ನು ಒಮ್ಮೆ ತಿರುಗಿಸಿ, ಕಡ್ಡಿಗಳ ಮೇಲೆ ಬೆರಳು ಆಡಿಸಿ, ಎಲ್ಲಿ ಸಡಿಲ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು.

ಮಗನ ಸೈಕಲ್ ರಿಪೇರಿಗೆ ಕೊಂಡುಹೋದ ದಿನ ಅವರು ಕೇಳಿದ್ದರು, "ನಿಮಗೆ ಬಿಡ್ಲಿಕ್ಕೆ ಬರ್ತದಾ ತಂಗಿ?"

"ಇಲ್ಲ ಕಾಕ. ಉಡುಪಿಯಲ್ಲಿ ನಮ್ಮ ಮನೆಯಲ್ಲಿ ಹುಡುಗಿಯರಿಗೆ ಸೈಕಲ್ ಕೊಡ್ತಿರ್ಲಿಲ್ಲ."

"ಈಗ ಯಾರು ಕೊಡಬೇಕು? ಕಲೀರಿ."

ಮೂವತ್ತಾರನೆಯ ವಯಸ್ಸಿನಲ್ಲಿ ನಾನು ಕಲಿತೆ. ಶುಕ್ರವಾರ ಬೆಳಿಗ್ಗೆ, ಬಿಸಿಲು ಏರುವ ಮೊದಲು, ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ. ಮೊದಲು ಪೆಡಲ್ಲುಗಳನ್ನೇ ಬಿಚ್ಚಿಟ್ಟರು. ಸೀಟು ಕೆಳಗಿಳಿಸಿ, ಕಾಲಲ್ಲಿ ನೆಲ ತಳ್ಳುತ್ತಾ ಹೋಗಲು ಹೇಳಿದರು. ಮೂರು ವಾರ ಹಾಗೇ. ನಾಲ್ಕನೆಯ ವಾರ ಪೆಡಲ್ ಹಾಕಿ ಕೊಟ್ಟರು. ಹಿಂದಿನಿಂದ ಒಮ್ಮೆಯೂ ಹಿಡಿಯಲಿಲ್ಲ, ನಾನು ಒಮ್ಮೆಯೂ ಬೀಳಲಿಲ್ಲ. ನಂತರ ಲಾಂಡ್ರಿಯವನಿಂದ ಚಹಾ ತರಿಸಿ, ತೋಟದ ಕಥೆ ಹೇಳುತ್ತಿದ್ದರು. ಅವರ ಉಪ್ಪ, ಅಂದರೆ ಅಪ್ಪ, ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಬಂಗಲೆಯಿಂದ ಆಳುಗಳ ಲೈನ್ ಮನೆಗಳಿಗೆ, ಅಲ್ಲಿಂದ ಕಣಕ್ಕೆ ಚೀಟಿ ಮುಟ್ಟಿಸುತ್ತ ಆ ಗುಡ್ಡಗಳಲ್ಲೇ ಕಾಕ ಸೈಕಲ್ ಕಲಿತದ್ದು. "ಇಲ್ಲಿ ಎಂತ ಉಂಟು? ಫ್ಲೈಓವರೇ ನಮ್ಮ ಗುಡ್ಡ" ಎಂದು ನಗುತ್ತಿದ್ದರು.

ಆ ವರ್ಷವೇ ನಾನು ನಮ್ಮವರ ಸೈಕ್ಲಿಂಗ್ ಗುಂಪಿಗೆ ಸೇರಿದೆ. ಹನ್ನೆರಡು ಜನ, ಹೆಚ್ಚಿನವರು ಕರಾವಳಿಯವರು. ಗುಂಪು ಕಟ್ಟಿದವನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ವೆಸ್ಟ್ ಬೇಯ ಟವರ್ ಒಂದರಲ್ಲಿ ಮ್ಯಾನೇಜರ್. ನನ್ನ ಗಂಡ ಅವನ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಮುಂದಿನದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಅದನ್ನು ನೆಪ ಎಂದು ಹೇಳುತ್ತಿಲ್ಲ. ಇದ್ದದ್ದು ಹಾಗೆ.

ಫೆಬ್ರವರಿಯಲ್ಲಿ ಬರುವ ಕತಾರಿನ ಕ್ರೀಡಾ ದಿನದ ರಜೆಗೆ ನಾಲ್ಕು ದಿನ ಸೇರಿಸಿ, ಊರಿಗೆ ಹೋಗಿ ಮೂಡಿಗೆರೆ ಕಡೆಯ ಕಾಫಿ ತೋಟಗಳ ನಡುವೆ ಮೌಂಟನ್ ಬೈಕ್ ಬಿಡುವುದೆಂದು ಕ್ಯಾಪ್ಟನ್ ಯೋಜನೆ ಹಾಕಿದ. ದಾರಿ ಬರೆದು ಕೊಟ್ಟವರು ಕಾಕ. ಹೊಸ ಸೈಕಲ್ ಬಂದ ರಟ್ಟಿನ ಪೆಟ್ಟಿಗೆಯ ಒಳಮೈಯಲ್ಲಿ, ಪೆನ್ಸಿಲ್ಲಿನಲ್ಲಿ, ಎಲ್ಲಿ ಏರು, ಎಲ್ಲಿ ತಿರುವು, ಎಲ್ಲಿ ತೋಟದವರ ಗೇಟು ಎಂದು. ಕ್ಯಾಪ್ಟನ್ ಅದನ್ನು ಫೋಟೋ ತೆಗೆದುಕೊಂಡು, "ಕಾಕ, ನೀವೂ ಬನ್ನಿ. ನಮಗೊಬ್ಬ ಮೆಕ್ಯಾನಿಕ್ ಬೇಕಲ್ಲ" ಎಂದ. ಎರಡು ವರ್ಷಕ್ಕೊಮ್ಮೆ ಸಿಗುತ್ತಿದ್ದ ರಜೆಯನ್ನು ಕಾಕ ನಮ್ಮ ತಾರೀಕಿಗೆ ಹೊಂದಿಸಿಕೊಂಡರು. ಗುಂಪಿನ ಹೆಸರಿದ್ದ ಜೆರ್ಸಿ ಎಲ್ಲರಿಗೂ ಬಂತು, ಅವರಿಗೆ ಬರಲಿಲ್ಲ. ಸೈಜ್ ಸಿಗಲಿಲ್ಲವಂತೆ! ಕಾಕ ನನಗಿಂತ ಸಣ್ಣ ಆಳು.

ಮೊದಲ ದಿನ ಅವರನ್ನು ನೋಡಬೇಕಿತ್ತು... ಹಳೆಯ ಬಿಡಿಭಾಗಗಳಿಂದ ತಾವೇ ಕಟ್ಟಿಕೊಂಡ ಸೈಕಲ್ಲಿನ ಮೇಲೆ, ಲುಂಗಿ ಬಿಟ್ಟು ಹಳೆಯ ಪ್ಯಾಂಟ್ ಹಾಕಿಕೊಂಡು, ಕೆಮ್ಮಣ್ಣಿನ ಏರುದಾರಿಯನ್ನು ಒಂದೇ ಉಸಿರಿನಲ್ಲಿ ಹತ್ತಿ ಮೇಲೆ ನಮಗಾಗಿ ಕಾಯುತ್ತಿದ್ದರು. ಕೊಯ್ಲು ಮುಗಿದಿತ್ತು. ಕಣಗಳಲ್ಲಿ ಕಾಫಿ ಹಣ್ಣು ಕಪ್ಪಾಗಿ ಒಣಗುತ್ತಿತ್ತು. ನೀರು ಬಿಟ್ಟಿದ್ದ ತೋಟಗಳಲ್ಲಿ ಹೂ ಅರಳಿ ಗಿಡಗಳೆಲ್ಲ ಬೆಳ್ಳಗಾಗಿದ್ದವು. ಐವತ್ತೆರಡು ವರ್ಷದ ಆ ಮನುಷ್ಯ ಇಳಿಜಾರಿನಲ್ಲಿ ಸೀಟಿನಿಂದ ಎದ್ದು ನಿಂತು, ಮೊಣಕಾಲು ಸಡಿಲ ಬಿಟ್ಟು, ನೀರು ಹರಿದಂತೆ ಇಳಿಯುತ್ತಿದ್ದರು. ದೋಹಾದ ಆ ಇಕ್ಕಟ್ಟಿನ ಅಂಗಡಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದವರು ಇವರೇನಾ ಎನಿಸಿತ್ತು ನನಗೆ.

ಎರಡನೆಯ ದಿನ ಒಂದು ಕಡಿದಾದ ಇಳಿಜಾರಿನ ತಲೆಯಲ್ಲಿ ಕಾಕ ಎಲ್ಲರನ್ನೂ ನಿಲ್ಲಿಸಿದರು.

"ಇಲ್ಲಿ ಇವತ್ತು ಬೇಡ. ಹೂವಿಗೆ ನೀರು ಬಿಡ್ಲಿಕ್ಕೆ ಸ್ಪ್ರಿಂಕ್ಲರ್ ಪೈಪು ಹಾಕಿದ್ದಾರೆ. ಸಿಲ್ವರ್ ಓಕ್ ಎಲೆ ಬಿದ್ದು ಕಾಣುವುದಿಲ್ಲ. ಸುತ್ತಿ ಹೋಗುವ."

ಕ್ಯಾಪ್ಟನ್ ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡಿದ್ದ. "ಕಾಕ, ಈ ಡೌನ್‌ಹಿಲ್ ಶೂಟ್ ಮಾಡ್ಲಿಕ್ಕೇ ನಾನು ದೋಹಾದಿಂದ ಬಂದದ್ದು. ನಿಮಗೆ ವಯಸ್ಸಾಯ್ತು, ಖಲಾಸ್" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆನೇ... ನಕ್ಕಿರಬೇಕು.

ಕಾಕ ವಾದ ಮಾಡಲಿಲ್ಲ. "ಹಾಗಾದರೆ ನಾನು ಮೊದಲು ಹೋಗ್ತೇನೆ. ಪೈಪ್ ಇರುವಲ್ಲಿ ಕೈ ಎತ್ತಿ ನಿಲ್ತೇನೆ. ಅಲ್ಲಿಗೆ ಬರುವ ಮೊದಲೇ ನಿಧಾನ ಮಾಡಿ. ಒಬ್ಬೊಬ್ಬರೇ ಬನ್ನಿ" ಎಂದು ಇಳಿದರು. ಕೆಳಗೆ ಅರ್ಧ ದಾರಿಯಲ್ಲಿ ಸೈಕಲ್ ಬದಿಗಿಟ್ಟು, ಕಾಲಲ್ಲಿ ಎಲೆ ಸರಿಸಿ, ಬಲಗೈ ಎತ್ತಿ ನಿಂತರು.

"ಯಲ್ಲಾ!" ಎಂದು ಕ್ಯಾಪ್ಟನ್ ಬಿಟ್ಟ. ಹಿಂದೆ ನಾನೇ ಇದ್ದೆ. ಇಳಿಯಲು ಕಾಯುತ್ತ ಮೇಲೆ ನಿಂತು ಎಲ್ಲವನ್ನೂ ನೋಡಿದೆ. ಅವನು ಬ್ರೇಕ್ ಹಿಡಿಯಲೇ ಇಲ್ಲ. ಕಾಕ ಎರಡೂ ಕೈ ಎತ್ತಿ ಬೀಸಿದರು, ಕೂಗಿದರು. ಕೊನೆಯ ಗಳಿಗೆಯಲ್ಲಿ ಪೈಪ್ ಕಂಡು ಹ್ಯಾಂಡಲ್ ತಿರುಗಿಸಿದ. ಸೈಕಲ್ ಹೋಗಿ ನೇರ ಕಾಕನ ಮೇಲೆ ಬಿತ್ತು. ಅವರ ಬಲಗೈ ಪೈಪಿನ ಕಬ್ಬಿಣದ ಜಾಯಿಂಟಿಗೂ ಸೈಕಲ್ಲಿಗೂ ನಡುವೆ ಸಿಕ್ಕಿಕೊಂಡಿತು. ಕ್ಯಾಪ್ಟನ್ನಿಗೆ ಮೊಣಕಾಲು ತರಚಿತು, ಅಷ್ಟೆ.

ತೋಟದ ಜೀಪಿನಲ್ಲಿ ಪೇಟೆಯ ಆಸ್ಪತ್ರೆಗೆ ಒಯ್ದೆವು. ಮಣಿಕಟ್ಟು ಪುಡಿಯಾಗಿತ್ತು. ಆಪರೇಷನ್ ಮಾಡಿದರೂ ಬೆರಳು ಪೂರ್ತಿ ಮಡಚಲಿಕ್ಕಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯವರು ತಿಳಿಸಿದ್ದರಿಂದ ಪೊಲೀಸರೊಬ್ಬರು ಹೇಳಿಕೆ ಬರೆದುಕೊಳ್ಳಲು ಬಂದರು. ಕ್ಯಾಪ್ಟನ್ ಮುಂದೆ ಬಂದು, "ಅವರಷ್ಟಕ್ಕೇ ಸ್ಕಿಡ್ ಆಗಿ ಬಿದ್ದರು ಸರ್. ವಯಸ್ಸಾದವರು, ಬೇಡ ಅಂದರೂ ಕೇಳಲಿಲ್ಲ" ಎಂದ.

"ಹಿಂದೆ ಯಾರಿದ್ದರು?" ಎಂದು ಪೊಲೀಸರು ಕೇಳಿದರು.

ಕ್ಯಾಪ್ಟನ್ ನನ್ನ ಕಡೆ ತಿರುಗಿ ಮೆಲ್ಲಗೆ, ನಗುತ್ತಲೇ ಹೇಳಿದ, "ಮುಂದಿನ ತಿಂಗಳು ನಿಮ್ಮ ಮನೆಯವರ ಕಾಂಟ್ರಾಕ್ಟ್ ನನ್ನ ಟೇಬಲಿಗೆ ಬರ್ತದೆ ಅಲ್ವಾ?"

ನಾನು ಸಹಿ ಹಾಕಿದೆ. ಸ್ಕಿಡ್ ಆಗಿ ಬಿದ್ದರು ಎಂದು ಬರೆದದ್ದರ ಕೆಳಗೆ, ನನ್ನ ಪೂರ್ತಿ ಹೆಸರು, ಇನಿಷಿಯಲ್ ಸಮೇತ.

ಕಾಕ ಮಲಗಿದ್ದದ್ದು ಪರದೆಯ ಆಚೆ. ಎಲ್ಲವೂ ಕೇಳಿಸಿತ್ತು. ನಾನು ಒಳಗೆ ಹೋದಾಗ ಕೇಳಿದರು, "ನೀನು ನೋಡ್ಲಿಲ್ವಾ ತಂಗಿ?"

ಅಷ್ಟು ದಿನ ನನ್ನನ್ನು ನೀವು ಎನ್ನುತ್ತಿದ್ದವರು ಆ ಹೊತ್ತಿನಲ್ಲಿ ಮಾತ್ರ ನೀನು ಎಂದಿದ್ದರು.

"ಧೂಳಿತ್ತು ಕಾಕ" ಎಂದೆ.

ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ನಾವು ದೋಹಾಕ್ಕೆ ವಾಪಸಾದೆವು, ಕಾಕ ಆಗಲಿಲ್ಲ. ಅಂಗಡಿಯ ಮಾಲೀಕ ಎರಡು ತಿಂಗಳು ಕಾದು, ಕೈ ಬಾರದವನನ್ನು ಇಟ್ಟುಕೊಂಡು ಏನು ಮಾಡಲಿ ಎಂದು ವೀಸಾ ಕ್ಯಾನ್ಸಲ್ ಮಾಡಿಸಿದ. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಗುಂಪಿನ ವರ್ಷಾಂತ್ಯದ ಊಟಕ್ಕೆ ಹೋಟೆಲ್ಲಿನಲ್ಲಿ ಸೇರಿದ್ದಾಗ ಕ್ಯಾಪ್ಟನ್ ತನ್ನ ವೀಡಿಯೊ ಹಾಕಿಸಿದ. ಹಿನ್ನೆಲೆಗೆ ಮ್ಯೂಸಿಕ್ ಬೇರೆ. ಡಿಕ್ಕಿಯ ತುಸು ಮೊದಲಿಗೆ ಕತ್ತರಿಸಿದ್ದ. ಆದರೂ ಒಂದು ಕ್ಷಣ, ಕೆಳಗೆ ದೂರದಲ್ಲಿ, ಎಲೆಗಳ ನಡುವೆ ಎತ್ತಿದ ಕೈ ಕಂಡಿತು. ಜನ ಚಪ್ಪಾಳೆ ತಟ್ಟಿದರು.

ನಾನು ಎದ್ದು ನಿಂತೆ. "ಆ ಕೈ ಕಂಡಿತಾ ಎಲ್ಲರಿಗೂ? ಅದನ್ನು ಮುರಿದವನು ಇವನು. ಸುಳ್ಳು ಸಹಿ ಹಾಕಿದವಳು ನಾನು" ಎಂದೆ. ನನ್ನ ಗಂಡ ಕುಳಿತಲ್ಲಿಂದಲೇ ಕೈ ಹಿಡಿದು ಎಳೆದರು. ಯಾರೋ ತುಳುವಿನಲ್ಲಿ ಏನೋ ಗೊಣಗಿದರು. ಪಕ್ಕದ ಮೇಜಿನ ಹೆಂಗಸೊಬ್ಬಳು, "ಊಟದ ಹೊತ್ತಿನಲ್ಲಿ ಇದೆಲ್ಲ ಎಂತಕ್ಕೆ ಮಾರಾಯ್ತಿ?" ಎಂದಳು. ಕ್ಯಾಪ್ಟನ್ ಮೈಕ್ ಹಿಡಿದು, "ಮಾಫಿ ಮುಷ್ಕಿಲ್, ಏನೂ ತೊಂದರೆ ಇಲ್ಲ, ಬಿರಿಯಾನಿ ಬಂತು" ಎಂದ. ಎಲ್ಲರೂ ತಟ್ಟೆ ಹಿಡಿದು ಎದ್ದರು. ಒಬ್ಬರಾದರೂ ಜಗಳಕ್ಕೆ ಬಂದಿದ್ದರೆ ನಾನು ಬದುಕುತ್ತಿದ್ದೆ.

ಇನ್ನೊಂದು ಹೇಳಿಬಿಡುತ್ತೇನೆ. ಅದಾಗಿ ಆರು ತಿಂಗಳಿಗೆ ಕ್ಯಾಪ್ಟನ್ ಬೇರೆ ಕಂಪನಿ ಹಿಡಿದು ದುಬೈಗೆ ಹೋದ. ನನ್ನ ಗಂಡ ಈಗಲೂ ಅದೇ ಕುರ್ಚಿಯಲ್ಲಿ ಕೂತಿದ್ದಾರೆ. ಅವರ ಕಾಂಟ್ರಾಕ್ಟ್ ಅವನ ಟೇಬಲಿಗೆ ಬರುವುದೇ ಇರಲಿಲ್ಲವಂತೆ, ಸಹಿ ಹಾಕುವವರು ಬೇರೆಯವರಂತೆ. ನಾನು ಆಸ್ಪತ್ರೆಯಲ್ಲಿ ಹೆದರಿದ್ದು ಏತಕ್ಕೆ?

ಕಾಕನ ಮನೆಗೆ ಫೋನ್ ಮಾಡಿದೆ. ಮೊದಲೆರಡು ಸಲ ಅವರ ಹೆಂಡತಿ, ಅವರು ನಮಾಜಿಗೆ ಪಳ್ಳಿಗೆ ಹೋಗಿದ್ದಾರೆ ಎಂದರು. ಮೂರನೆಯ ಸಲ ಎತ್ತಿದವಳು ಮಗಳು. "ಉಪ್ಪ ಇಲ್ಲೇ ಇದ್ದಾರೆ. ಮಾತಾಡುವುದಿಲ್ಲ ಅಂತ ಹೇಳ್ತಿದ್ದಾರೆ" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೆ ಇನ್ನೂ ಉರಿಯಿತು.

ಮುಂದಿನ ರಜೆಯಲ್ಲಿ ಉಡುಪಿಗೆ ಹೋದಾಗ ಕೂತು ಬರೆದೆ. ನಾನು ಕೊಟ್ಟ ಹೇಳಿಕೆ ಸುಳ್ಳು, ಕಂಡದ್ದು ಇದು ಎಂದು ಎರಡು ಪುಟ. ಒಂದು ಪ್ರತಿ ಠಾಣೆಗೆ, ಒಂದು ಅವರಿಗೆ, ಎರಡೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ. ಠಾಣೆಯಿಂದ ಫೋನ್ ಬಂತು. ಗಾಯಗೊಂಡವರೇ ದೂರು ಕೊಟ್ಟಿಲ್ಲ, ಇನ್ನೇನು ಮಾಡುವುದು ಮೇಡಂ ಎಂದರು. ಕಾಕನಿಂದ ಬಂದದ್ದು ಅಂಚೆಯ ಸ್ವೀಕೃತಿ ಚೀಟಿ ಮಾತ್ರ. ಅಂಗಡಿಯ ರಸೀದಿಗಳ ಮೇಲೆ ಅವರ ಸಹಿ ನೋಡಿದ್ದೆ, ದುಂಡಗಿನ ಕನ್ನಡ ಅಕ್ಷರ. ಚೀಟಿಯ ಮೇಲೆ ಇದ್ದದ್ದು ಎಡಗೈಯಲ್ಲಿ ಎಳೆದ ಮೂರು ಸೊಟ್ಟ ಗೆರೆ.

ಅವರು ಬದುಕಿದ್ದಾರೆ. ಯಾರದೋ ತೋಟದ ಗೇಟಿನಲ್ಲಿ ಕೂರುತ್ತಾರಂತೆ. ನನ್ನ ಮಟ್ಟಿಗೆ ಅವರು ಇಲ್ಲ, ಆ ಪರದೆಯ ಆಚೆಯೇ ಅವರನ್ನು ಕಳೆದುಕೊಂಡೆ.

ಗುಂಪಿನ ವಾಟ್ಸಾಪಿನಲ್ಲಿ ನಾನಿನ್ನೂ ಇದ್ದೇನೆ, ಯಾರೂ ತೆಗೆದಿಲ್ಲ. ಈ ಭಾನುವಾರ, ಇಲ್ಲಿ ಅದು ಕೆಲಸದ ದಿನ, ಹೊಸದಾಗಿ ಸೇರಿದವನೊಬ್ಬ ಕೇಳಿದ್ದ: ಅಲ್ ಹಿಲಾಲ್ ಕಡೆ ಒಳ್ಳೆಯ ಸೈಕಲ್ ಮೆಕ್ಯಾನಿಕ್ ಯಾರಾದರೂ ಇದ್ದಾರಾ?

ಆಫೀಸಿನಲ್ಲಿ ಕೂತಲ್ಲಿಂದಲೇ ಬರೆದೆ. "ಇದ್ದರು. ಅವರ ಬಲಗೈ ನಾವೇ ಮುರಿದೆವು. ಹೇಗೆಂದು ಬೇಕಿದ್ದರೆ ಕೇಳಿ, ಹೇಳುತ್ತೇನೆ."

ಹನ್ನೊಂದು ಜನ ಓದಿದ್ದಾರೆ. ಇನ್ನೂ ಯಾರೂ ಕೇಳಿಲ್ಲ.