ಕೊಡದಲ್ಲಿ ಫೋನಿಟ್ಟು ಹಾಡಿದ ತಂಗಿ

ಸಿನಿಮಾ ಹಾಡು ತುಂಬಿಸಲು ಕೊಟ್ಟ ನನ್ನ ಫೋನಿನಲ್ಲಿ ತಂಗಿಯ ದನಿ ಕೇಳಿಸಿದಾಗ ಜಹೀರಾಬಾದಿನ ಮೊಬೈಲ್ ಅಂಗಡಿಯವನು ಕೆಲಸ ಬಿಟ್ಟು ಎರಡು ಸಲ ಕೇಳಿದ. ತೆಲಂಗಾಣ ಹೋರಾಟದ ಸಭೆಗೆಂದು ಅವಳೇ ಕಟ್ಟಿ, ಮನೆಯಲ್ಲಿ ರೆಕಾರ್ಡ್ ಮಾಡಿದ್ದ ಹಾಡದು. "ಕತ್ತೆ ಒದರಿದಂಗ ಅದ" ಎಂದು ನಾನು ನಕ್ಕಿದ್ದಕ್ಕೆ ಅವಳು ಹಾಡುವುದನ್ನೇ ಬಿಟ್ಟಿದ್ದಳು.

ಹಾಡಿದವಳು ಇವಳೇ ಎಂದು ನಾನು ತೋರಿಸಿದಾಗ, ಪಕ್ಕದಲ್ಲೇ ನಿಂತಿದ್ದ ಅವಳನ್ನು ಅವನು ಕೇಳಿದ: "ಫೋನ್ ಕೊಡದಾಗ ಇಟ್ಟು ಹಾಡಿದಿ ಏನವ್ವ?"

"ಹೂಂರಿ, ಜೋರು ಕೇಳ್ತದಂತ."

"ಅದಕ್ಕೇ ಮಾತು ತಿಳಿಯವಲ್ದು. ಹೊರಗಿಟ್ಟು ಹಾಡು. ಎರಡನೇ ಸಾಲಿನ ನಡುವ ಉಸಿರು ತಗೋ. ದನಿ ಮಾತ್ರ ಬದಲಿ ಮಾಡಬ್ಯಾಡ, ಭಾರಿ ಅದ."

ಮುಂದಿನ ಸಭೆಯಲ್ಲಿ ಅವಳು ಹಾಡಿದಳು, ಜನರೂ ದನಿಗೂಡಿಸಿದರು. ಅಂದು ನಗುವಾಗ ನಾನು ಆ ಹಾಡಿನ ಒಂದೇ ಸಾಲು ಕೇಳಿದ್ದೆ ಎಂಬುದನ್ನು ಇಂದಿಗೂ ಅವಳಿಗೆ ಹೇಳಿಲ್ಲ.