ಮೂರನೆಯ ಬಂದೂಕು

ಅನಂತಪದ್ಮನಾಭ ಅವರು ಮೊದಲು ಬಂದೂಕು ಹಿಡಿದದ್ದು ಮೈಸೂರಿನಲ್ಲಿ, ಕಾಲೇಜಿನ ಎನ್‌ಸಿಸಿ ಕ್ಯಾಂಪಿನಲ್ಲಿ. ಸೊಳ್ಳೆ ಹೊಡೆದರೂ ಕೈ ತೊಳೆದುಕೊಂಡು ಬಾ ಎನ್ನುವ ತಾಯಿಯ ಮಗ. ನೆಲಕ್ಕೆ ಹೊಟ್ಟೆಯಾನಿಸಿ ಹಾರಿಸಿದ ಐದು ಗುಂಡುಗಳಲ್ಲಿ ನಾಲ್ಕು, ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದಿದ್ದವು. ಹವಾಲ್ದಾರ ಗುರಿಯ ಕಾಗದವನ್ನು ಬೆಳಕಿಗೆ ಹಿಡಿದು, "ಪುಳಿಚಾರು ತಿಂದು ಈ ಗುರಿ ಎಲ್ಲಿಂದ ಬಂತೋ ನಿಂಗೆ?" ಎಂದಿದ್ದ. ಜೀವನದಲ್ಲಿ ಬಂದ ಹೊಗಳಿಕೆಗಳಲ್ಲಿ ಅವರು ನೆನಪಿಟ್ಟುಕೊಂಡದ್ದು ಅದೊಂದನ್ನೇ.

ಮತ್ತೆ ಬಂದೂಕು ಮುಟ್ಟಿದ್ದು ಐವತ್ತು ದಾಟಿದ ಮೇಲೆ, ಅಮೆರಿಕದಲ್ಲಿ. ಅಲ್ಲಿಯ ಕೆಂಟ್ ಎಂಬ ಊರಿನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಅವರು ಇಪ್ಪತ್ತೆಂಟು ವರ್ಷ ತಪಾಸಣೆಗಾರರಾಗಿದ್ದರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಭಾಗವನ್ನು ತಿರಸ್ಕರಿಸುವುದು ಅವರ ಕೆಲಸ. ಜೊತೆಗೆ ಕೆಲಸ ಮಾಡುತ್ತಿದ್ದವನೊಬ್ಬ ಒಂದು ಶನಿವಾರ ಗುರಿ ಅಭ್ಯಾಸದ ರೇಂಜಿಗೆ ಕರೆದೊಯ್ದ. ಮುಂದಿನ ವಾರವೇ ಅವರು ಗಿರವಿ ಅಂಗಡಿಯಿಂದ ಒಂದು ಹಳೆಯ ರೈಫಲ್ ಕೊಂಡರು. ಒಳ್ಳೆಯ ಪ್ರೆಶರ್ ಕುಕ್ಕರ್ ಕೊಳ್ಳುವ ದುಡ್ಡು, ಅಷ್ಟೆ. ಕೆಲವು ವರ್ಷಗಳ ಮೇಲೆ ಅಂಥದೇ ಇನ್ನೊಂದು.

ಎರಡೂ ಒಂದೇ ಗುಂಡಿನವು. ಒಂದು ಗುಂಡು ಹಾಕಬೇಕು, ಹಾರಿಸಬೇಕು, ಹಿಂಬದಿಯ ಬೋಲ್ಟ್ ಎಳೆದು ಖಾಲಿ ತೋಟಾ ತೆಗೆಯಬೇಕು, ಮತ್ತೆ ಒಂದು ಹಾಕಬೇಕು. ಪಕ್ಕದ ಬೆಂಚುಗಳಲ್ಲಿ ಮೂವತ್ತು ಗುಂಡುಗಳನ್ನು ಒಗ್ಗರಣೆಯ ಸಾಸಿವೆಯಂತೆ ಸಿಡಿಸುತ್ತಿದ್ದವರು ಅವರನ್ನು ನೋಡಿ ನಗುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಸದ್ದಲ್ಲ. ಪ್ರಾಣಿಯ ಮೇಲೆ ಎಂದೂ ಹಾರಿಸಿದವರಲ್ಲ. ಅವರ ಗುರಿ ಐವತ್ತು ಗಜದಾಚೆಯ ಒಂದು ಕಾಗದ. ಪ್ರತಿ ಗುಂಡಿನ ನಂತರ ದುರ್ಬೀನು ಮುಟ್ಟುವ ಮೊದಲೇ, ಅದು ಎಲ್ಲಿ ಬಿದ್ದಿದೆಯೆಂದು ಬಾಯಿಬಿಟ್ಟು ಹೇಳುತ್ತಿದ್ದರು. "ಎಡಕ್ಕೆ, ಸ್ವಲ್ಪ ಕೆಳಗೆ." ಆಮೇಲೆ ನೋಡುವುದು. ತಪ್ಪನ್ನು ಕಣ್ಣಿಗೆ ಬೀಳುವ ಮೊದಲೇ ಒಪ್ಪಿಕೊಳ್ಳಬೇಕು ಎಂಬುದು ಅವರ ನಿಯಮ.

ಗುರುಪ್ರಸಾದನಿಗೂ ಇದನ್ನೇ ಕಲಿಸಿದರು. ಹತ್ತಿರದ ಸಮಾಮಿಶ್ ಊರಿನಲ್ಲಿ ಅವನ ಮನೆ, ಸಾಫ್ಟ್‌ವೇರ್ ಕೆಲಸ, ನಲವತ್ತೈದರ ಆಸುಪಾಸು. ಅನಂತಪದ್ಮನಾಭರ ಹೆಂಡತಿ ಸುಶೀಲಾ ಎಜುಕೇಶನ್ ಹಿಲ್ ಬಡಾವಣೆಯ ತಮ್ಮ ಮನೆಯ ಕೆಳಮಹಡಿಯಲ್ಲಿ ಪ್ರತಿ ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದರು. ಹತ್ತೊಂಬತ್ತು ವರ್ಷ ಒಂದು ವಾರವೂ ತಪ್ಪದ ತರಗತಿ. ಮಗಳನ್ನು ಬಿಡಲು ಬಂದ ಗುರುಪ್ರಸಾದ್ ಒಂದು ದಿನ ಗ್ಯಾರೇಜಿನ ಕಬ್ಬಿಣದ ಬೀರು ನೋಡಿ, ಅದರಲ್ಲೇನು ಎಂದು ಕೇಳಿದ. ಅಲ್ಲಿಂದ ಶನಿವಾರಗಳು ಜೋಡಿಯಾದವು. ಹೆಂಡತಿ ಪೂಜಿತಾಗೆ ಬ್ಯಾಡ್ಮಿಂಟನ್ ಎಂದು ಹೇಳಿ, ರ‍್ಯಾಕೆಟ್ಟಿನ ಚೀಲ ಹೆಗಲಿಗೇರಿಸಿಕೊಂಡೇ ಹೊರಡುತ್ತಿದ್ದ. ಹಾರಿಸಿದ ಮೇಲೆ ಮೊದಲು ದುರ್ಬೀನಿನಲ್ಲಿ ನೋಡಿ, ಆಮೇಲೆ "ಸೆಂಟರ್, ಸರ್" ಎನ್ನುತ್ತಿದ್ದ. ಅನಂತಪದ್ಮನಾಭರು ಇದನ್ನು ಗಮನಿಸಿದ್ದರು. ಕಾರ್ಖಾನೆಯಲ್ಲಾಗಿದ್ದರೆ ಅಂಥ ಭಾಗವನ್ನು ತಿರಸ್ಕಾರದ ಕೆಂಪು ಡಬ್ಬಕ್ಕೆ ಹಾಕಿಬಿಡುತ್ತಿದ್ದರು.

ಎರಡನೆಯ ವರ್ಷ ಅವನೂ ಒಂದು ಕೊಂಡ, ಅದೇ ಬಗೆಯದು.

"ಮನೇಲಿ ಬಂದೂಕು ಇದ್ರೆ ನಾನಿರಲ್ಲ ಅಂದಿದಾಳೆ ಪೂಜಿತಾ. ನಿಮ್ಮ ಬೀರುವಿನಲ್ಲಿ ಇಟ್ಕೊಳ್ಳಿ ಸರ್, ಸ್ವಲ್ಪ ದಿನ."

ಇನ್ನೊಬ್ಬರ ಬಂದೂಕನ್ನು ಹಾಗೆ ಇಟ್ಟುಕೊಳ್ಳುವುದು ಸರಿಯಲ್ಲ. ಅಲ್ಲಿ ಬಂದೂಕು ಕೈ ಬದಲಾಯಿಸಬೇಕಾದರೆ ಪರವಾನಗಿಯಿರುವ ಅಂಗಡಿಯ ಮೂಲಕ, ಪಡೆಯುವವನ ಹಿನ್ನೆಲೆ ತಪಾಸಣೆಯಾಗಿಯೇ ಬದಲಾಗಬೇಕು. ಅನಂತಪದ್ಮನಾಭರಿಗೆ ಅದು ಗೊತ್ತಿತ್ತು. ನಲವತ್ತು ವರ್ಷದಲ್ಲಿ ಕೆಂಪು ದೀಪ ಕೂಡ ದಾಟದ ಮನುಷ್ಯ, ಸ್ನೇಹಕ್ಕಾಗಿ ಅದೊಂದು ನಿಯಮ ಮುರಿದರು. ಸ್ವಲ್ಪ ದಿನವೆಂದದ್ದು ಆರು ವರ್ಷವಾಯಿತು.

ಆಯುಧಪೂಜೆಗೆ ಎಲ್ಲರೂ ಕಾರಿಗೆ ಹೂ ಹಾಕುತ್ತಾರೆ. ಇವರಿಬ್ಬರು ಗ್ಯಾರೇಜಿನಲ್ಲಿ ಮೂರು ಬಂದೂಕುಗಳನ್ನೂ ಹಳೆಯ ಬೆಡ್‌ಶೀಟಿನ ಮೇಲೆ ಸಾಲಾಗಿಡುತ್ತಿದ್ದರು. ಬೋಲ್ಟ್‌ಗಳನ್ನು ಬಿಚ್ಚಿ ಬೇರೆ ಇಟ್ಟು, ಗುಂಡುಗಳು ಇನ್ನೊಂದು ಬೀಗದೊಳಗೆ. ಕುಂಕುಮ ಮರದ ಹಿಡಿಗೆ ಮಾತ್ರ. ಒದ್ದೆ ಗಂಧ ತಾಕಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆಂದು ಅನಂತಪದ್ಮನಾಭರು ನಳಿಗೆಗೆ ಎಣ್ಣೆಯ ಬಟ್ಟೆಯನ್ನಷ್ಟೇ ಸವರುತ್ತಿದ್ದರು. ಹೋದ ವರ್ಷ ಗುರುಪ್ರಸಾದ್ ಫೋಟೋ ತೆಗೆದ. "ಬೆಂಗಳೂರಲ್ಲಿ ಅಣ್ಣನಿಗೆ ಕಳಿಸ್ತೀನಿ ಸರ್, ಹೊಟ್ಟೆ ಉರ್ಕೊಳ್ಲಿ."

ಹಬ್ಬದ ದಿನ ನೂರು ಜನಕ್ಕೆ ಶುಭಾಶಯ ಕಳಿಸುವ ಅವಸರದಲ್ಲಿ ಬೆರಳು ತಪ್ಪಿತು. ಚಿತ್ರ ಅಣ್ಣನಿಗೆ ಹೋಗಲಿಲ್ಲ, ಕನ್ನಡ ತರಗತಿಯ ತಂದೆತಾಯಂದಿರ ಗುಂಪಿಗೆ ಹೋಯಿತು. ಚೆಂಡುಹೂವಿನ ನಡುವೆ ಮೂರು ಬಂದೂಕು. ಹಿಂದುಗಡೆ, ತೆರೆದ ಬಾಗಿಲಿನಾಚೆ, ಸುಶೀಲಮ್ಮನ ಕಪ್ಪು ಹಲಗೆಯ ಮೇಲೆ ಅ ಆ ಇ ಈ.

ಆ ಭಾನುವಾರ ಮಕ್ಕಳು ಬರಲಿಲ್ಲ. ತಂದೆತಾಯಂದಿರೇ ಬಂದರು, ಮಕ್ಕಳ ಚಿಕ್ಕ ಕುರ್ಚಿಗಳಲ್ಲಿ ಮಂಡಿ ಮಡಚಿ ಕೂತರು. ಕವನಾ ಎಂಬ ತಾಯಿ ಮೊದಲು ಮಾತೆತ್ತಿದಳು.

"ಆಂಟಿ, ನಿಮ್ಮ ಮೇಲೆ ನಮಗೆ ಗೌರವ ಇದೆ. ಆದ್ರೆ ಇಷ್ಟು ವರ್ಷ ನಮ್ಮ ಮಕ್ಕಳು ಈ ಬಂದೂಕುಗಳ ಪಕ್ಕದಲ್ಲಿ ಕೂತಿದ್ರಾ? ಇಲ್ಲಿ ಬೇರೆಯವರ ಮನೆಗೆ ಆಟಕ್ಕೆ ಕಳಿಸೋ ಮೊದಲು ಗನ್ ಇದೆಯಾ ಅಂತ ಕೇಳ್ತೀವಿ. ನಿಮ್ಮನ್ನ ಕೇಳಬೇಕು ಅಂತ ಯಾರಿಗೂ ಹೊಳೀಲೇ ಇಲ್ಲ."

ನ್ಯಾಯವಾದ ಮಾತು. ಬೀಗ ಎರಡಿದೆ, ಗುಂಡು ಬೇರೆ ಇದೆ, ನೋಡಬನ್ನಿ ಎಂದು ಅನಂತಪದ್ಮನಾಭರು ಎದ್ದರು. ಯಾರೂ ಏಳಲಿಲ್ಲ.

"ಈ ಫೋಟೋ ಹಾಕಿದ್ದು ಗುರು ಅಲ್ವಾ?" ಎಂದು ಯಾರೋ ಕೇಳಿದರು.

ಅನಂತಪದ್ಮನಾಭರು ಅವನತ್ತ ನೋಡಿದರು. ಈಗ ಹೇಳುತ್ತಾನೆ, ಒಂದು ನನ್ನದು ಎನ್ನುತ್ತಾನೆ ಎಂದೇ ಅವರು ತಿಳಿದಿದ್ದರು.

ಗುರುಪ್ರಸಾದ್ ಪಕ್ಕದಲ್ಲಿದ್ದ ಪೂಜಿತಾಳನ್ನು ನೋಡಿದ. "ಹೌದು. ಸರ್ ನನಗೆ ಕಳಿಸಿದ್ರು. ನೋಡಿ ನನಗೂ ಶಾಕ್ ಆಯ್ತು. ಎಲ್ಲರಿಗೂ ಗೊತ್ತಾಗಲಿ ಅಂತಾನೇ ಗುಂಪಿಗೆ ಹಾಕಿದೆ."

ಸುಶೀಲಮ್ಮನಿಗೆ ನಿಜ ಗೊತ್ತಿತ್ತು. ಆರು ವರ್ಷ ಆ ಗ್ಯಾರೇಜಿಗೆ ಪೂಜೆಯ ದಿನ ಇಬ್ಬರಿಗೂ ಕೋಸಂಬರಿ ತಂದುಕೊಟ್ಟವರು ಅವರೇ. ಗಂಡನ ಮುಖ ನೋಡಿದರು, ಆಮೇಲೆ ಮಕ್ಕಳ ಚಿಕ್ಕ ಕುರ್ಚಿಗಳನ್ನು. ಗಂಡನ ತೋಳು ಹಿಡಿದು ಮತ್ತೆ ಕೂರಿಸಿದರು.

ಸಭೆ ಮುಗಿಯುವ ಹೊತ್ತಿಗೆ ಒಂದು ತೀರ್ಮಾನವಾಗಿತ್ತು: ತರಗತಿ ನಡೆಯಲಿ, ಸುಶೀಲಾ ಆಂಟಿಯೇ ಪಾಠ ಮಾಡಲಿ, ಆದರೆ ಗುರುಪ್ರಸಾದನ ಮನೆಯಲ್ಲಿ. ಆ ಮನೆಯಲ್ಲಿ ಬಂದೂಕಿಲ್ಲ.

"ಹೋಗ್ತೀಯಾ?" ಎಂದು ಆ ರಾತ್ರಿ ಊಟ ಮುಗಿದ ಮೇಲೆ ಅವರು ಹೆಂಡತಿಯನ್ನು ಕೇಳಿದರು.

"ಮಕ್ಕಳೇನು ಮಾಡಿದ್ವು, ರೀ?"

"ನಾನೇನು ಮಾಡಿದೆ?"

"ಈಗ ಬಾಯಿ ಬಿಟ್ರೆ ಅವನ ಸಂಸಾರ ಹಾಳಾಗತ್ತೆ, ನನ್ನ ತರಗತೀನೂ ಹೋಗತ್ತೆ. ಸುಮ್ಮನಿರಿ." ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನಲವತ್ತೊಂದು ವರ್ಷದ ದಾಂಪತ್ಯದಲ್ಲಿ, ಪರರ ಸಂಸಾರ ಉಳಿಸಲು ಗಂಡನ ಮಾನ ಕೊಟ್ಟಾಯಿತು. ಇದನ್ನು ದೊಡ್ಡತನವೆಂದು ಕರೆಯುವವರು ಕರೆಯಬಹುದು. ಅನಂತಪದ್ಮನಾಭರು ಕರೆಯಲಿಲ್ಲ.

ಅವರು ಗುರುಪ್ರಸಾದನಿಗೆ ಫೋನ್ ಮಾಡಿದರು. "ನಿನ್ನ ವಸ್ತು ನೀನು ತೊಗೊಂಡು ಹೋಗು, ಗುರು."

"ಹೇಗೆ ತರ್ಲಿ ಸರ್? ಅರ್ಥ ಮಾಡ್ಕೊಳ್ಳಿ. ಹೇಗಿದ್ರೂ ನಿಮ್ಮ ಹೆಸರು ಕೆಟ್ಟಾಗಿದೆ. ಎರಡಿದ್ದದ್ದು ಮೂರು ಇದ್ರೆ ಏನು ವ್ಯತ್ಯಾಸ?"

ಅವರು ಫೋನ್ ಇಟ್ಟರು. ಸಭೆಯಲ್ಲಿ ಅವನು ಆಡಿದ್ದು ಹೆದರಿಕೆಯ ಸುಳ್ಳು ಎಂದು ಅಲ್ಲಿಯವರೆಗೆ ಅವರು ತಮಗೆ ತಾವೇ ಹೇಳಿಕೊಂಡಿದ್ದರು. ಇದು ಹೆದರಿಕೆಯ ಮಾತಲ್ಲ. ಲೆಕ್ಕಾಚಾರದ ಮಾತು.

ಮರುದಿನ ಮೂರನೆಯ ಬಂದೂಕನ್ನು ಒರೆಸಿ, ಎಣ್ಣೆ ಹಚ್ಚಿ, ಪೆಟ್ಟಿಗೆಯಲ್ಲಿಟ್ಟು, ಕೆಂಟ್‌ನ ಬಂದೂಕಿನ ಅಂಗಡಿಗೆ ಹೋದರು. ಆರು ವರ್ಷ ಇಟ್ಟುಕೊಂಡಿದ್ದು ತಪ್ಪೆಂದು ಯಾರೂ ಕೇಳುವ ಮೊದಲೇ ಒಪ್ಪಿಕೊಂಡರು. ಅಂಗಡಿಯ ಮುದುಕ ಕನ್ನಡಕ ಕೆಳಗಿಳಿಸಿ ಅವರನ್ನು ನೋಡಿ, ಬಂದೂಕನ್ನು ಮಾಲೀಕನಿಗೆ ಮರಳಿಸುವ ಕಾಗದ ತೆಗೆದ. ಹಿಂದಿರುಗಿಸುವವರ ಹೆಸರು. ಪಡೆಯಬೇಕಾದವರ ಹೆಸರು. ವಿಳಾಸ. ತಪಾಸಣಾ ವರದಿ ಬರೆಯುವ ಹಾಗೆ ದುಂಡಕ್ಷರದಲ್ಲಿ ಎಲ್ಲವನ್ನೂ ತುಂಬಿದರು.

ಸುಶೀಲಮ್ಮ ದೊಡ್ಡ ರಸ್ತೆಯಲ್ಲಿ ಡ್ರೈವ್ ಮಾಡುವುದಿಲ್ಲ. ಹಾಗಾಗಿ ಪ್ರತಿ ಭಾನುವಾರ ಅವರನ್ನು ಸಮಾಮಿಶ್‌ಗೆ ಬಿಡುವುದು ಅನಂತಪದ್ಮನಾಭರ ಪಾಲಿಗೇ ಬಂತು. ಹೆಂಡತಿ ಒಳಗೆ ಹೋಗುತ್ತಿದ್ದರು. ಅವರು ರಸ್ತೆಬದಿಯಲ್ಲಿ ಕಾರಿನೊಳಗೇ ಕೂತಿರುತ್ತಿದ್ದರು. ಒಳಗೆ ಬನ್ನಿ ಎಂದು ಯಾರೂ ಕರೆದಿರಲಿಲ್ಲ.

ಮೂರನೆಯ ಭಾನುವಾರ ಪೂಜಿತಾ ಹೊರಗೆ ಬಂದು ಕಾರಿನ ಗಾಜು ತಟ್ಟಿದಳು. ಕೈಯಲ್ಲಿ ಒಡೆದ ಲಕೋಟೆ.

"ಅಂಕಲ್, ಗುರು ಹೆಸರಿಗೆ ಯಾವುದೋ ಗನ್ ಅಂಗಡಿಯಿಂದ ಬಂದಿದೆ. ವಸ್ತು ಬಂದಿದೆ, ಬಂದು ಸಹಿ ಮಾಡಿ ಅಂತ. ನಿಮಗೆ ಬರಬೇಕಾದ್ದು ತಪ್ಪಿ ನಮ್ಮನೆಗೆ ಬಂದಿದೆ ಅನ್ಸತ್ತೆ."

ಅನಂತಪದ್ಮನಾಭರು ಕಾಗದ ಇಸಿದುಕೊಂಡು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಮೇಲಿನಿಂದ ಕೆಳಗಿನವರೆಗೆ ಓದಿದರು. ಅವಳಿಗೇ ವಾಪಸು ಕೊಟ್ಟರು.

"ತಪ್ಪಿಲ್ಲಮ್ಮ. ಹೆಸರು ಸರಿಯಾಗಿದೆ. ವಿಳಾಸವೂ ಸರಿಯಾಗಿದೆ."

ಅವಳು ಇನ್ನೊಮ್ಮೆ ಓದಿದಳು. ಆಮೇಲೆ ಮನೆಯ ಕಡೆ ತಿರುಗಿ ನೋಡಿದಳು. ಕಿಟಕಿಯೊಳಗಿಂದ ಮಕ್ಕಳು ಒಟ್ಟಾಗಿ ಕಾಗುಣಿತ ಹೇಳುವುದು ಕೇಳುತ್ತಿತ್ತು. ತರಗತಿ ಮುಗಿಯಲು ಇನ್ನೂ ನಲವತ್ತು ನಿಮಿಷವಿತ್ತು. ಅನಂತಪದ್ಮನಾಭರು ಗಾಜು ಏರಿಸಿಕೊಂಡು ಹೆಂಡತಿಗಾಗಿ ಕಾದರು.